ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಸಹಾಭ್ಯರ್ಥಿಯ ಪಾತ್ರ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಅಧ್ಯಕ್ಷ ಚುನಾವಣೆಯಲ್ಲಿ, ಅಧ್ಯಕ್ಷಪದವಿಯ ಅಭ್ಯರ್ಥಿಯೊಡನೆ ಉಪಾಧ್ಯಕ್ಷಪದವಿಗೆ ನಿಲ್ಲುವವನನ್ನು ಆ ದೇಶದವರು ‘ರನ್ನಿಂಗ್ ಮೇಟ್’ ಎಂದು ಕರೆಯುತ್ತಾರೆ. ಈ ಮಾತು ರಾಜಕೀಯದಲ್ಲಿ ಹುಟ್ಟಿದುದಲ್ಲ. ಕುದುರೆಯ ಪಂದ್ಯದಿಂದ ಬಂದುದು. ಒಬ್ಬನೇ ಯಜಮಾನನ ಲಾಯದಿಂದ ಎರಡು ಕುದುರೆಗಳನ್ನು ಪಂದ್ಯಕ್ಕೆ ಬಿಟ್ಟಾಗ, ಗೆಲ್ಲಬೇಕಾದ ಕುದುರೆಗೆ ಓಟದ ವೇಗವನ್ನು ಹೊಂದಿಸಿಕೊಡುವುದಕ್ಕಾಗಿ ಜೊತೆಯಲ್ಲಿ ಓಡುವ ಕುದುರೆಗೆ ಆ ಹೆಸರು ಸಲ್ಲುತ್ತಿತ್ತು. ತಾನೇ ಗೆಲ್ಲುವುದು ಅದರ ಕೆಲಸವಲ್ಲ. ಕನ್ನಡದಲ್ಲಿ ‘ಸಹಾಭ್ಯರ್ಥಿ’ ಎಂದರೆ ಅರ್ಥವೇನೋ ತಿಳಿಯುತ್ತದೆ. ಲಾಯದ ವಾಸನೆ ಮಾತ್ರ ಹಾರಿಹೋಗುತ್ತದೆ. ಹೆಸರಿನ ಮೂಲವನ್ನು ಇಲ್ಲಿ ಎತ್ತಿದುದಕ್ಕೆ ಕಾರಣವುಂಟು. ಎರಡನೆಯ ಕುದುರೆ ಮೊದಲನೆಯದನ್ನು ಎಷ್ಟು ಮುಂದಕ್ಕೆ ಒಯ್ಯಬಲ್ಲುದೆಂಬುದನ್ನು ಕುರಿತು ಆ ದೇಶದ ಪಕ್ಷನಾಯಕರು ಎರಡು ನೂರು ವರ್ಷಗಳಿಂದ ಲೆಕ್ಕ ಹಾಕುತ್ತ ಬಂದಿದ್ದಾರೆ. ಮೊದಲನೆಯದು ನಡುದಾರಿಯಲ್ಲಿ ಬಿದ್ದರೆ ಎರಡನೆಯದೇ ಗುರಿ ಮುಟ್ಟಬೇಕಾಗುವುದೆಂಬುದನ್ನು ಅಷ್ಟು ಎಚ್ಚರದಿಂದ ಲೆಕ್ಕಿಸಿದಂತೆ ಕಾಣುವುದಿಲ್ಲ.

ಮೊದಲಿನ ಏರ್ಪಾಡು ಈಗಿನಂತೆ ಇರಲಿಲ್ಲ. 1787ರಲ್ಲಿ ರಚಿತವಾದ ರಾಜ್ಯಾಂಗದ ಪ್ರಕಾರ ಪ್ರತಿಯೊಂದು ಸಂಸ್ಥಾನದ ನಿರ್ವಾಚಕನೂ ಎರಡು ಮತಗಳನ್ನು ಕೊಡತಕ್ಕದ್ದು; ಹೆಚ್ಚು ಮತಗಳಿಂದ ಬಹುಮತ ಪಡೆದವನು ಅಧ್ಯಕ್ಷ, ಅವನ ನಂತರದವನು ಉಪಾಧ್ಯಕ್ಷ. ಪಕ್ಷಗಳು ಇನ್ನೂ ತಲೆಯೆತ್ತದಿದ್ದ ಕಾಲದ ವ್ಯವಸ್ಥೆ ಇದು. ಪಕ್ಷಗಳು ಹುಟ್ಟಿದ ಕೂಡಲೆ ಇದರ ದೋಷ ಬಯಲಾಯಿತು. 1796ರಲ್ಲಿ ಜಾನ್ ಆಡಮ್ಸನು ಅಧ್ಯಕ್ಷನಾದನು. ಅವನ ಎದುರಾಳಿಯಾಗಿದ್ದ ತಾಮಸ್ ಜೆಫರ್ಸನನೇ ಉಪಾಧ್ಯಕ್ಷನಾದನು. 1800ರಲ್ಲಿ ಇನ್ನೂ ವಿಚಿತ್ರವಾಯಿತು. ಒಂದೇ ಪಕ್ಷದ ಜೆಫರ್ಸನನಿಗೂ ಏರನ್ ಬರ್‍ನಿಗೂ ಸರಿಯಾಗಿ 73 ಮತಗಳು ಬಿದ್ದುವು. ಯಾರು ಮುಖ್ಯ, ಯಾರು ಜೊತೆಗಾರ ಎಂಬುದನ್ನು ಪ್ರತಿನಿಧಿ ಸಭೆಯು 36 ಬಾರಿ ಮತ ಎಣಿಸಿ 1801ರ ಫೆಬ್ರವರಿಯಲ್ಲಿ ತೀರ್ಮಾನಿಸಬೇಕಾಯಿತು. 1804ರಲ್ಲಿ ಜಾರಿಗೆ ಬಂದ ಹನ್ನೆರಡನೆಯ ತಿದ್ದುಪಡಿಯಿಂದ ನಿರ್ವಾಚಕರು ಎರಡು ಪದವಿಗಳಿಗೂ ಬೇರೆಬೇರೆಯಾಗಿ ಮತ ಕೊಡುವಂತಾಯಿತು. ಆದರೆ ಸಾಮಾನ್ಯ ಮತದಾರನಿಗೆ ಆ ಸ್ವಾತಂತ್ರ್ಯ ದೊರೆಯಲಿಲ್ಲ. ಅವನ ಮುಂದೆ ಬರುವುದು ಒಂದು ಜೋಡಿ. ಒಪ್ಪಿದರೆ ಇಬ್ಬರನ್ನೂ ಒಪ್ಪಬೇಕು, ಬಿಟ್ಟರೆ ಇಬ್ಬರನ್ನೂ ಬಿಡಬೇಕು. ಸಹಾಭ್ಯರ್ಥಿಯಿಂದ ಬಂದ ಮತಗಳೆಷ್ಟು ಎಂಬ ಪ್ರಶ್ನೆಗೆ ನೇರವಾದ ಉತ್ತರ ಸಿಕ್ಕದಿರುವುದಕ್ಕೆ ಇದೇ ಮೂಲಕಾರಣ.

ಹೀಗಿರಲು ಪಕ್ಷನಾಯಕರು ಊಹೆಯನ್ನೇ ನೆಚ್ಚಬೇಕಾಯಿತು. ಊಹೆಗಳಲ್ಲಿ ಬಹು ಹಳೆಯದೂ ಬಹು ಸರಳವೂ ಆದದ್ದು ‘ಸ್ವಸಂಸ್ಥಾನ’ದ ಲೆಕ್ಕ: ಯಾವ ದೊಡ್ಡ ಸಂಸ್ಥಾನದ ಒಲವು ಸಂದೇಹದಲ್ಲಿದೆಯೋ ಅಲ್ಲಿಯವನೊಬ್ಬನನ್ನು ಜೊತೆಗೆ ನಿಲ್ಲಿಸಿಕೊಂಡರೆ ಅಲ್ಲಿನ ನಿರ್ವಾಚಕ ಮತಗಳೆಲ್ಲ ಕೈಸೇರುವುವು ಎಂಬುದು. ಇದಕ್ಕೆ ನಿದರ್ಶನವಾಗಿ ಎಲ್ಲರೂ ಎತ್ತಿ ಹೇಳುವುದು 1960ರ ಚುನಾವಣೆಯನ್ನು. ಮಸಾಚುಸೆಟ್ಸಿನ ಜಾನ್ ಕೆನೆಡಿ ಟೆಕ್ಸಸ್ಸಿನ ಲಿಂಡನ್ ಜಾನ್ಸನನನ್ನು ಜೊತೆಗೆ ಕರೆದುಕೊಂಡನು. ಟೆಕ್ಸಸ್ಸನ್ನು ಸುಮಾರು 46,000 ಮತಗಳ ಅಂತರದಿಂದ ಗೆದ್ದನು. (ಪ್ರತಿಪಕ್ಷದ ನಿಕ್ಸನನು ಆರಿಸಿಕೊಂಡ ಲಾಜ್ ಕೂಡ ಮಸಾಚುಸೆಟ್ಸಿನವನೇ. ಕೆನೆಡಿಯ ಸ್ವಂತ ನೆಲದಲ್ಲಿ ಅವನಿಂದ ಏನು ಪ್ರಯೋಜನವಾದೀತು!) ಆದರೆ ಲೆಕ್ಕವನ್ನು ಪೂರ್ತಿಯಾಗಿ ನೋಡಬೇಕು. ಕೆನೆಡಿಗೆ ಬಂದ ನಿರ್ವಾಚಕ ಮತಗಳು 303. ಬಹುಮತಕ್ಕೆ ಬೇಕಾಗಿದ್ದುದು 269. ಟೆಕ್ಸಸ್ಸಿನ 24ನ್ನು ಕಳೆದರೂ 279 ಉಳಿಯುತ್ತದೆ. ಎಂದರೆ ಟೆಕ್ಸಸ್ ಒಂದೇ ಕೈಬಿಟ್ಟಿದ್ದರೂ ಕೆನೆಡಿಯೇ ಅಧ್ಯಕ್ಷನಾಗುತ್ತಿದ್ದನು. ಅದರೊಡನೆ ಉತ್ತರ ಕೆರೊಲೈನದ 14 ಮತಗಳೂ ಜಾರಿದ್ದರೆ ಮಾತ್ರ ಬಹುಮತ ತಪ್ಪುತ್ತಿತ್ತು. ಆದುದರಿಂದ ಜಾನ್ಸನನ ಉಪಕಾರವನ್ನು ಹುಡುಕಬೇಕಾದುದು ಅವನ ಹುಟ್ಟೂರಿನ ಮತಪೆಟ್ಟಿಗೆಗಳಲ್ಲಿ ಮಾತ್ರವೇ ಅಲ್ಲ. ಕ್ಯಾಥೊಲಿಕ್ ಮತದ ಉತ್ತರದವನೊಬ್ಬನನ್ನು ಸಂಶಯದಿಂದ ನೋಡುತ್ತಿದ್ದ ದಕ್ಷಿಣದ ಪ್ರಾಟೆಸ್ಟಂಟರ ನಡುವೆ ಅವನು ರೈಲಿನಲ್ಲಿ ಊರೂರು ಸುತ್ತಿ ಪಕ್ಷದ ಹಳೆಯ ಬೆಂಬಲಿಗರನ್ನು ಹಿಡಿದು ನಿಲ್ಲಿಸಿದುದರಲ್ಲಿ. ಇದು ಸ್ವಸಂಸ್ಥಾನದ ಲೆಕ್ಕಕ್ಕಿಂತ ಬೇರೆಯಾದ ಮಾತು.

ಉಳಿದ ಉದಾಹರಣೆಗಳು ಆ ಲೆಕ್ಕವನ್ನು ಇನ್ನಷ್ಟು ಸಡಿಲಿಸುತ್ತವೆ. 1968ರಲ್ಲಿ ಮೇರಿಲ್ಯಾಂಡಿನ ಆಗ್ನ್ಯೂವನ್ನು ನಿಲ್ಲಿಸಿಕೊಂಡ ನಿಕ್ಸನನು ದೇಶವನ್ನು ಗೆದ್ದು ಮೇರಿಲ್ಯಾಂಡನ್ನು ಸೋತನು. ಅದೇ ವರ್ಷ ಮೇಯ್ನ್ ಸಂಸ್ಥಾನದ ಮಸ್ಕಿಯನ್ನು ನಿಲ್ಲಿಸಿಕೊಂಡ ಹಂಫ್ರಿ, ಬಹುಕಾಲದಿಂದ ಎದುರುಪಕ್ಷದ ಕಡೆಗೇ ವಾಲುತ್ತಿದ್ದ ಆ ಚಿಕ್ಕ ಸಂಸ್ಥಾನವನ್ನು ಗೆದ್ದು ದೇಶವನ್ನು ಸೋತನು. 2004ರಲ್ಲಿ ಎಡ್ವರ್ಡ್ಸನಿಂದ ಉತ್ತರ ಕೆರೊಲೈನವೂ 2012ರಲ್ಲಿ ರಯಾನನಿಂದ ವಿಸ್ಕಾನ್ಸಿನ್ನೂ ಬರಲಿಲ್ಲ. ಇವೆಲ್ಲಕ್ಕಿಂತ ಹೆಚ್ಚು ಬೋಧಪ್ರದವಾದದ್ದು 1988ರ ಟೆಕ್ಸಸ್. ಅಲ್ಲಿನ ಲಾಯ್ಡ್ ಬೆಂಟ್ಸನ್ ಒಂದೇ ದಿನ ಎರಡು ಪದವಿಗಳಿಗೆ ನಿಂತಿದ್ದನು: ಸೆನೆಟ್ಟಿನ ಸದಸ್ಯತ್ವಕ್ಕೆ ಒಂದು ಕಡೆ, ಡುಕಾಕಿಸನ ಜೊತೆಗಾರನಾಗಿ ಉಪಾಧ್ಯಕ್ಷಪದವಿಗೆ ಮತ್ತೊಂದು ಕಡೆ. ಸೆನೆಟ್ಟಿಗೆ ಟೆಕ್ಸಸ್ಸಿನವರು ಅವನಿಗೆ ಶೇಕಡ 59ರಷ್ಟು ಮತ ಕೊಟ್ಟರು. ಅದೇ ಮತದಾರರು ಅದೇ ಮತಗಟ್ಟೆಯಲ್ಲಿ ಅವನು ಸೇರಿದ್ದ ಜೋಡಿಗೆ ಶೇಕಡ 43ರಷ್ಟನ್ನು ಮಾತ್ರ ಕೊಟ್ಟರು. ಮನೆಯ ಮಗನೆಂಬ ಅಭಿಮಾನ ಅವನನ್ನು ಹೊತ್ತಿತೇ ಹೊರತು ಅವನ ಹೆಗಲ ಮೇಲಿದ್ದವನನ್ನು ಹೊರಲಿಲ್ಲ. ಮತದಾರನು ಅಧ್ಯಕ್ಷನನ್ನು ನೋಡಿ ಮತ ಕೊಡುತ್ತಾನೆಂಬುದಕ್ಕೆ ಇದಕ್ಕಿಂತ ಶುದ್ಧವಾದ ಪ್ರಯೋಗವನ್ನು ಯಾವ ಪಂಡಿತನೂ ಏರ್ಪಡಿಸಲಾರನು.

ಪಂಡಿತರೂ ಸುಮ್ಮನಿರಲಿಲ್ಲ. ಡಡ್ಲಿ, ರ್‍ಯಾಪೊಪೋರ್ಟ್ ಎಂಬ ಇಬ್ಬರು 1989ರಲ್ಲಿ ಪ್ರಕಟಿಸಿದ ಗಣನೆಯಲ್ಲಿ ಸಹಾಭ್ಯರ್ಥಿಯಿಂದ ಅವನ ಸಂಸ್ಥಾನದಲ್ಲಿ ಆಗುವ ಲಾಭ ಸರಾಸರಿ ಶೇಕಡ 0.3 ಎಂದು ತೇಲಿತು. 2016ರಲ್ಲಿ ಹೀರ್ಸಿಂಕ್, ಪೀಟರ್ಸನ್ ಎಂಬವರು ಬೇರೊಂದು ಗಣಿತಕ್ರಮವನ್ನು ಅನುಸರಿಸಿ ಅದು ಶೇಕಡ 2.7ರ ಸಮೀಪದಲ್ಲಿದೆಯೆಂದು ವಾದಿಸಿದರು. ಅದೇ ವರ್ಷ ಡಿವೈನ್, ಕಾಪ್ಕೊ ಎಂಬವರು ಈ ವಿಷಯಕ್ಕೇ ಒಂದು ಗ್ರಂಥವನ್ನು ಮೀಸಲಿಟ್ಟು, ಸಾಮಾನ್ಯವಾಗಿ ಅಂಥ ಲಾಭವೇ ಇಲ್ಲ, ಚಿಕ್ಕ ಸಂಸ್ಥಾನವೊಂದರಲ್ಲಿ ದೀರ್ಘಕಾಲ ಸೇವೆ ಮಾಡಿದವನ ವಿಷಯದಲ್ಲಿ ಮಾತ್ರ ಇದ್ದೀತು ಎಂದರು. ಮೇಲೆ ಹೇಳಿದ ಮೇಯ್ನಿನ ಉದಾಹರಣೆ ಈ ಕೊನೆಯ ಮಾತಿಗೆ ಚೆನ್ನಾಗಿ ಹೊಂದುತ್ತದೆ. ಈ ಭಿನ್ನಾಭಿಪ್ರಾಯ ಮುಂದಕ್ಕೂ ಉಳಿಯುವುದೆಂದೇ ತೋರುತ್ತದೆ. ಏಕೆಂದರೆ ಬೇರೆಯವನೊಬ್ಬನು ನಿಂತಿದ್ದರೆ ಏನಾಗುತ್ತಿತ್ತು ಎಂಬುದನ್ನು ಅಳೆಯುವ ಕೋಲು ಯಾರ ಬಳಿಯಲ್ಲಿಯೂ ಇಲ್ಲ.

ಈ ವಾದ 2024ರಲ್ಲಿ ಮತ್ತೆ ಕಾವೇರಿತು. ಕಮಲಾ ಹ್ಯಾರಿಸ್ ಆ ವರ್ಷದ ಆಗಸ್ಟಿನಲ್ಲಿ ಮಿನೆಸೋಟದ ಗವರ್ನರ್ ಟಿಮ್ ವಾಲ್ಜನನ್ನು ಆರಿಸಿಕೊಂಡಳು. ಪೆನ್ಸಿಲ್ವೇನಿಯದ ಗವರ್ನರ್ ಜಾಶ್ ಶಪೀರೊವನ್ನು ಆರಿಸಲಿಲ್ಲ. ನವೆಂಬರಿನಲ್ಲಿ ಪೆನ್ಸಿಲ್ವೇನಿಯ ಆಕೆಗೆ ಶೇಕಡ 1.7ರಷ್ಟು ಅಂತರದಿಂದ ತಪ್ಪಿತು. ಶಪೀರೊ ಜೊತೆಗಿದ್ದಿದ್ದರೆ ಎಂಬ ಹಲುಬಾಟ ಕೂಡಲೆ ಹುಟ್ಟಿತು. ಹೀರ್ಸಿಂಕ್ ಮೊದಲಾದವರ ಎಣಿಕೆಯನ್ನು ನಂಬಿದರೆ ಆ ಸಂಸ್ಥಾನ ಪ್ರಾಯಶಃ ಕೈಗೆ ಬರುತ್ತಿತ್ತು. ಡಡ್ಲಿ ಮೊದಲಾದವರದನ್ನು ನಂಬಿದರೆ ಬರುತ್ತಿರಲಿಲ್ಲ. ಆದರೆ ಬಂದಿದ್ದರೂ ಫಲವೇನು? ಆಕೆಗೆ ದೊರೆತ ನಿರ್ವಾಚಕ ಮತಗಳು 226, ಪೆನ್ಸಿಲ್ವೇನಿಯದ 19ನ್ನು ಕೂಡಿದರೆ 245, ಬೇಕಾಗಿದ್ದುದು 270. ಕೆನೆಡಿಗೆ ಟೆಕ್ಸಸ್ ಇಲ್ಲದೆಯೂ ಸಾಕಾಗುತ್ತಿತ್ತು. ಹ್ಯಾರಿಸಳಿಗೆ ಪೆನ್ಸಿಲ್ವೇನಿಯ ಇದ್ದೂ ಸಾಲುತ್ತಿರಲಿಲ್ಲ.

ಎರಡನೆಯ ಊಹೆ ಪಂಗಡದ್ದು. ತನ್ನವನೊಬ್ಬನನ್ನು ಜೋಡಿಯಲ್ಲಿ ಕಂಡ ಪಂಗಡ ಪೂರ್ತಿಯಾಗಿ ಇತ್ತ ಸರಿಯುವುದೆಂಬ ನಂಬಿಕೆ ಅದು. 1984ರಲ್ಲಿ ಮಾಂಡೇಲನು ಜೆರಾಲ್ಡಿನ್ ಫೆರಾರೊ ಎಂಬಾಕೆಯನ್ನು ಆರಿಸಿಕೊಂಡನು. ದೊಡ್ಡ ಪಕ್ಷವೊಂದರಿಂದ ಈ ಸ್ಥಾನಕ್ಕೆ ನಿಂತ ಮೊದಲ ಮಹಿಳೆ ಆಕೆಯೇ. ಮಹಿಳೆಯರಲ್ಲಿಯೂ ಹೆಚ್ಚಿನವರು ರೀಗನನಿಗೇ ಮತ ಕೊಟ್ಟರು. ಮಾಂಡೇಲನಿಗೆ ತನ್ನ ಮಿನೆಸೋಟವೂ ರಾಜಧಾನಿಯ ವಾಷಿಂಗ್ಟನ್ನೂ ಬಿಟ್ಟರೆ ಮತ್ತೇನೂ ಸಿಕ್ಕಲಿಲ್ಲ. ಇದರಿಂದ ಆ ಆಯ್ಕೆ ವ್ಯರ್ಥವಾಯಿತೆಂದು ಹೇಳಲಾಗದು. ಒಂದು ಬಾಗಿಲನ್ನು ತೆರೆಯುವುದು ಬೇರೆ, ಒಂದು ಚುನಾವಣೆಯನ್ನು ಗೆಲ್ಲುವುದು ಬೇರೆ.

ಹಾಗಾದರೆ ಸಹಾಭ್ಯರ್ಥಿಯ ಪ್ರಭಾವ ಶೂನ್ಯವೆನ್ನಬೇಕೆ? ಹಾಗಲ್ಲ. ಅದು ಕೆಲಸ ಮಾಡುವ ದಾರಿ ಬೇರೆ. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಈ ಆಯ್ಕೆಯ ವಾಚ್ಯಾರ್ಥ ಸಹಾಭ್ಯರ್ಥಿಯನ್ನು ಕುರಿತದ್ದು, ವ್ಯಂಗ್ಯಾರ್ಥ ಆರಿಸಿದವನನ್ನು ಕುರಿತದ್ದು. ಮತದಾರನ ಮನಸ್ಸನ್ನು ಮುಟ್ಟುವುದು ಎರಡನೆಯದು. ಅಧ್ಯಕ್ಷಾಭ್ಯರ್ಥಿ ಅದುವರೆಗೆ ಆಡಿದುದೆಲ್ಲ ಮಾತು, ಕೊಟ್ಟುದೆಲ್ಲ ವಾಗ್ದಾನ. ಪದವಿಗೇರುವುದಕ್ಕೆ ಮೊದಲೇ ಅಧ್ಯಕ್ಷನಂತೆ ಅವನು ಮಾಡುವ ಕಾರ್ಯ ಇದೊಂದೇ. ಇದರಿಂದ ಅವನ ವಿವೇಚನೆ ಎಂಥದು, ತನ್ನ ಕೊರತೆಯನ್ನು ಅವನು ಬಲ್ಲನೆ, ಅವಸರದಲ್ಲಿ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಜನ ಅಳೆಯುತ್ತಾರೆ. ಡಿವೈನ್, ಕಾಪ್ಕೊ ಎಂಬವರೇ 2020ರಲ್ಲಿ ಬರೆದ ಮತ್ತೊಂದು ಗ್ರಂಥದ ತಾತ್ಪರ್ಯವೂ ಬಹುಮಟ್ಟಿಗೆ ಇದೇ.

ಕೌಟಿಲ್ಯನು ಅಮಾತ್ಯರ ಶುದ್ಧಿಯನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಉಪಧೆಗಳಿಂದ ಪರೀಕ್ಷಿಸಬೇಕೆಂದು ವಿಧಿಸಿದ್ದಾನೆ. 1972ರಲ್ಲಿ ಮೆಗವರ್ನ್ ಎಂಬ ಅಭ್ಯರ್ಥಿಗೆ ಅಂಥ ಪರೀಕ್ಷೆಗೆ ಪುರಸತ್ತಿರಲಿಲ್ಲ. ಪಕ್ಷದ ಮಹಾಸಭೆಯ ಗದ್ದಲದ ನಡುವೆ ಸೆನೆಟರ್ ಈಗಲ್ಟನನನ್ನು ಗೊತ್ತುಮಾಡಿದನು. ಈಗಲ್ಟನನು ಹಿಂದೆ ಖಿನ್ನತೆಗೆ ಆಸ್ಪತ್ರೆ ಸೇರಿ ವಿದ್ಯುದಾಘಾತದ ಚಿಕಿತ್ಸೆ ಪಡೆದಿದ್ದನೆಂಬುದು ಕೆಲವೇ ದಿನಗಳಲ್ಲಿ ಹೊರಬಿತ್ತು. ಮೆಗವರ್ನನು ಅವನಿಗೆ ತನ್ನ ಬೆಂಬಲ ಶೇಕಡ ನೂರಲ್ಲ, ಸಾವಿರವೆಂಬ ಅರ್ಥದ ಮಾತನ್ನಾಡಿ, ಸ್ವಲ್ಪ ದಿನಗಳಲ್ಲಿಯೇ ಅವನನ್ನು ಕೈಬಿಟ್ಟನು. ಆಯ್ಕೆಯಾದ 18 ದಿನಗಳಲ್ಲಿ ಈಗಲ್ಟನನು ಹಿಂದೆಗೆದನು. ಮತದಾರರಲ್ಲಿ ಅನೇಕರನ್ನು ಕೆಡಿಸಿದುದು ರೋಗದ ಸುದ್ದಿಯಲ್ಲ. ಆ ಸಾವಿರವು ಸೊನ್ನೆಗೆ ಇಳಿದ ವೇಗ. ಮೆಗವರ್ನನು ಮೊದಲೇ ಹಿಂದಿದ್ದನೆಂಬುದು ದಿಟ. 520ಕ್ಕೆ 17 ಎಂಬಂಥ ಸೋಲನ್ನು ಒಂದು ಆಯ್ಕೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಅಂದಿನಿಂದ ಎರಡು ಪಕ್ಷಗಳೂ ಸಹಾಭ್ಯರ್ಥಿಯ ಆರೋಗ್ಯ, ಆಸ್ತಿ, ತೆರಿಗೆ, ಹಳೆಯ ಭಾಷಣಗಳನ್ನೆಲ್ಲ ಶೋಧಿಸುವ ಪದ್ಧತಿಯನ್ನು ಬಿಗಿಗೊಳಿಸಿದುವು. ಉಪಧಾಪರೀಕ್ಷೆ ಬೇರೆ ಹೆಸರಿನಲ್ಲಿ ಬಂದಿತೆನ್ನಬಹುದು.

2008ರ ಉದಾಹರಣೆ ಇನ್ನೂ ಸೂಕ್ಷ್ಮವಾದುದು. ಜಾನ್ ಮೆಕೇನನು ತನಗೆ 72 ವರ್ಷ ತುಂಬಿದ ದಿನವೇ, ಆಗಸ್ಟ್ 29ರಂದು, ಅಲಾಸ್ಕದ ಗವರ್ನರ್ ಸಾರಾ ಪೇಲಿನಳ ಹೆಸರನ್ನು ಪ್ರಕಟಿಸಿದನು. ಆಕೆ ಆ ಅಧಿಕಾರಕ್ಕೆ ಬಂದು ಎರಡು ವರ್ಷಗಳೂ ಆಗಿರಲಿಲ್ಲ. ಪಕ್ಷದ ಕಟ್ಟಾಳುಗಳಲ್ಲಿ ಉತ್ಸಾಹ ಉಕ್ಕಿತು. ಆದರೆ ಎದುರಾಳಿ ಒಬಾಮನಿಗೆ ಅನುಭವವಿಲ್ಲವೆಂಬುದೇ ಮೆಕೇನನ ಮುಖ್ಯ ಅಸ್ತ್ರವಾಗಿತ್ತು. ಆ ಅಸ್ತ್ರದ ಮೊನೆಯನ್ನು ಅವನ ಕೈಯೇ ಮುರಿಯಿತು. ಅದೇ ಹೊತ್ತಿಗೆ, ಸೆಪ್ಟೆಂಬರ್ 15ರಂದು, ಲೀಮನ್ ಬ್ರದರ್ಸ್ ಸಂಸ್ಥೆ ದಿವಾಳಿಯೆದ್ದು ಹಣಕಾಸಿನ ಬಿಕ್ಕಟ್ಟು ತಲೆದೋರಿತು. ಮೆಕೇನನ ಸೋಲಿನಲ್ಲಿ ಪೇಲಿನಳ ಪಾಲೆಷ್ಟು, ಬಿಕ್ಕಟ್ಟಿನ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದರಲ್ಲಿ ವಿದ್ವಾಂಸರ ಎಣಿಕೆಗಳು ಒಂದೇ ಆಗಿಲ್ಲ. ಇದಕ್ಕೆ ಪ್ರತಿಯಾಗಿ 2000ದಲ್ಲಿ ಕಿರಿಯ ಬುಷ್, ರಕ್ಷಣಾ ಕಾರ್ಯದರ್ಶಿಯಾಗಿದ್ದ ಚೇನಿಯನ್ನು ಆರಿಸಿದಾಗ ಸಂಸ್ಥಾನದ ಲೆಕ್ಕಕ್ಕೆ ಎಡೆಯೇ ಇರಲಿಲ್ಲ: ವಯೋಮಿಂಗಿಗೆ ಇರುವುದು ಮೂರೇ ನಿರ್ವಾಚಕ ಮತ, ಅದೂ ಮೊದಲೇ ನಿಶ್ಚಿತವಾಗಿದ್ದುದು. ಚೇನಿ ಆಗ ಬುಷ್‌ನಂತೆಯೇ ಟೆಕ್ಸಸ್ಸಿನಲ್ಲಿ ವಾಸವಾಗಿದ್ದನು. ನಿರ್ವಾಚಕರು ತಮ್ಮ ಸಂಸ್ಥಾನದವರಾದ ಇಬ್ಬರಿಗೂ ಮತ ಕೊಡಕೂಡದೆಂಬ ರಾಜ್ಯಾಂಗವಿಧಿ ಅಡ್ಡ ಬಂದೀತೆಂದು ಅವನು ವಯೋಮಿಂಗಿನಲ್ಲಿ ಮತದಾರನಾಗಿ ಹೆಸರು ಬರೆಸಿಕೊಂಡನು. ಬುಷ್‌ಗೆ ಬೇಕಾಗಿದ್ದುದು ತನ್ನ ಅನನುಭವಕ್ಕೊಂದು ಜಾಮೀನು, ಅದು ದೊರೆಯಿತು.

ಈ ವ್ಯಂಗ್ಯಾರ್ಥಕ್ಕೂ ಒಂದು ಮಿತಿಯುಂಟು. 1988ರಲ್ಲಿ ಹಿರಿಯ ಬುಷ್ ಆರಿಸಿಕೊಂಡ ಕ್ವೇಲನು ಪತ್ರಿಕೆಗಳ ಪರಿಹಾಸಕ್ಕೆ ಗುರಿಯಾದನು. ತನ್ನ ಅನುಭವವನ್ನು ಕೆನೆಡಿಯ ಅನುಭವಕ್ಕೆ ಹೋಲಿಸಿದುದಕ್ಕಾಗಿ ಚರ್ಚಾವೇದಿಕೆಯ ಮೇಲೆ ಬೆಂಟ್ಸನನಿಂದ ಮುಖಭಂಗಗೊಂಡನು. ಆದರೂ ಬುಷ್ 40 ಸಂಸ್ಥಾನಗಳನ್ನು ಗೆದ್ದನು.

ಮತಗಳ ಮಾತು ಇಷ್ಟು. ಆದರೆ ಸಹಾಭ್ಯರ್ಥಿ ಕೆಲವು ಮತಗಳನ್ನು ತರುವುದಕ್ಕೆ ಮಾತ್ರ ನಿಂತವನಲ್ಲ. ಉಪಾಧ್ಯಕ್ಷರಾಗಿದ್ದವರಲ್ಲಿ ಒಂಬತ್ತು ಮಂದಿ ನಡುವೆಯೇ ಅಧ್ಯಕ್ಷರಾದರು: ಎಂಟು ಮಂದಿ ಅಧ್ಯಕ್ಷನ ಮರಣದಿಂದ, ಒಬ್ಬನು 1974ರಲ್ಲಿ ನಿಕ್ಸನನ ರಾಜೀನಾಮೆಯಿಂದ. ಇವರಲ್ಲಿ ಮೊದಲನೆಯವನಾದ ಟೈಲರನ ಹೆಸರು 1840ರ ಚುನಾವಣೆಯ ಘೋಷಣೆಯಲ್ಲಿ ಅಧ್ಯಕ್ಷಾಭ್ಯರ್ಥಿ ಹ್ಯಾರಿಸನನ ಬಿರುದಿಗೆ ಅನುಪ್ರಾಸವಾಗಿ ಬಾಲದಂತೆ ಸೇರಿಕೊಂಡಿತ್ತು. ಜನ ಹಾಡಿಕೊಂಡು ಮತ ಕೊಟ್ಟರು. ಹ್ಯಾರಿಸನನು ಪಟ್ಟಕ್ಕೆ ಬಂದ ಒಂದು ತಿಂಗಳಲ್ಲಿ ತೀರಿಕೊಂಡನು. ಟೈಲರನು ಪಕ್ಷದ ಮುಖ್ಯ ಮಸೂದೆಗಳನ್ನೇ ತಿರಸ್ಕರಿಸಿದನು. ಪಕ್ಷ ಅವನನ್ನು ಹೊರಹಾಕಿತು. ಪ್ರಾಸಕ್ಕಾಗಿ ಬಂದ ಪದ ಅರ್ಥವನ್ನೇ ತಿರುಗಿಸಿದ ಉದಾಹರಣೆಗಳು ಕಾವ್ಯದಲ್ಲಿಯೂ ಇಲ್ಲದಿಲ್ಲ.

ಇದಕ್ಕಿಂತ ದಾರುಣವಾದದ್ದು 1864ರ ಆಯ್ಕೆ. ಅಂತರ್ಯುದ್ಧ ನಡೆಯುತ್ತಿದ್ದಿತು. ಲಿಂಕನ್ನನ ಮೊದಲ ಅವಧಿಯ ಉಪಾಧ್ಯಕ್ಷ ಹ್ಯಾನಿಬಲ್ ಹ್ಯಾಮ್ಲಿನ್ ಗುಲಾಮಗಿರಿಯ ಕಡುವಿರೋಧಿ; ಆದರೆ ಅವನ ಮೇಯ್ನ್ ಸಂಸ್ಥಾನ ಹೇಗಿದ್ದರೂ ಪಕ್ಷಕ್ಕೇ ಸೇರಿದ್ದು. ಯುದ್ಧವನ್ನು ಬೆಂಬಲಿಸುತ್ತಿದ್ದ ಎದುರುಪಕ್ಷದವರನ್ನು ಸೆಳೆಯಬೇಕೆಂದು, ಬಾಲ್ಟಿಮೋರಿನ ಮಹಾಸಭೆಯಲ್ಲಿ ಅವನನ್ನು ಬಿಟ್ಟು ಟೆನೆಸೀಯ ಆಂಡ್ರೂ ಜಾನ್ಸನನನ್ನು ಆರಿಸಿದರು. ಇದರಲ್ಲಿ ಲಿಂಕನ್ನನ ಕೈವಾಡ ಎಷ್ಟೆಂಬುದು ಇತಿಹಾಸಕಾರರಲ್ಲಿ ವಿವಾದದ ವಿಷಯ. ಜಾನ್ಸನನು ಎದುರುಪಕ್ಷದವನು, ದಕ್ಷಿಣದವನು, ಗುಲಾಮರನ್ನು ಇಟ್ಟುಕೊಂಡಿದ್ದವನು. ಬೇರ್ಪಟ್ಟ ಸಂಸ್ಥಾನಗಳ ಸೆನೆಟರುಗಳ ಪೈಕಿ ಒಕ್ಕೂಟವನ್ನು ಬಿಡದೆ ತನ್ನ ಸ್ಥಾನದಲ್ಲಿ ಉಳಿದ ಒಬ್ಬನೇ ಒಬ್ಬನು. ಜೋಡಿಯ ಸಮತೋಲಕ್ಕೆ ಇದಕ್ಕಿಂತ ಬೇಕೆ? ನವೆಂಬರಿನಲ್ಲಿ ಲಿಂಕನ್ನನು 21ಕ್ಕೆ 212 ನಿರ್ವಾಚಕ ಮತಗಳಿಂದ ಗೆದ್ದನು. ಇಷ್ಟು ದೊಡ್ಡ ಗೆಲುವಿಗೆ ಜಾನ್ಸನನ ಊರೆಗೋಲು ಬೇಕಾಗಿತ್ತೆಂದು ಹೇಳುವುದು ಕಷ್ಟ. ಅವನ ಸ್ವಂತ ಟೆನೆಸೀಯ ಮತಗಳನ್ನಂತೂ ಕಾಂಗ್ರೆಸ್ಸು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಪದವಿಯ ಪ್ರಮಾಣವಚನವಾದ ಆರು ವಾರಗಳಲ್ಲಿ ಲಿಂಕನ್ನನ ಕೊಲೆಯಾಯಿತು. ಆಗತಾನೆ ಬಿಡುಗಡೆ ಹೊಂದುತ್ತಿದ್ದ ಸುಮಾರು 40 ಲಕ್ಷ ಜನರ ಭವಿಷ್ಯ, ಮತ ತರುವುದಕ್ಕೆಂದು ನಿಲ್ಲಿಸಿದವನ ಕೈಗೆ ಬಿತ್ತು. ಅವರಿಗೆ ಹಂಚಲಾಗಿದ್ದ ನೆಲವನ್ನು ಜಾನ್ಸನನು ಹಳೆಯ ಒಡೆಯರಿಗೆ ಹಿಂದಿರುಗಿಸಿದನು. 1866ರಲ್ಲಿ ಅವರ ನಾಗರಿಕ ಹಕ್ಕುಗಳ ಮಸೂದೆಗೆ ಸಹಿ ಹಾಕಲೊಲ್ಲೆನೆಂದನು. ಕಾಂಗ್ರೆಸ್ಸು ಅವನನ್ನು ಮೀರಿ ಅದನ್ನು ಶಾಸನ ಮಾಡಬೇಕಾಯಿತು. 1868ರಲ್ಲಿ ಪದಚ್ಯುತಿಯ ವಿಚಾರಣೆ ನಡೆದು, ಸೆನೆಟ್ಟಿನಲ್ಲಿ ಒಂದೇ ಮತದ ಕೊರತೆಯಿಂದ ಅವನು ಉಳಿದುಕೊಂಡನು. ಹ್ಯಾಮ್ಲಿನನೇ ಆ ಸ್ಥಾನದಲ್ಲಿದ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂದು ಹೇಳುವುದು ಅತಿಯಾದೀತು. ಆದರೆ ಆ ಬೇಸಗೆಯಲ್ಲಿ ಬಾಲ್ಟಿಮೋರಿನಲ್ಲಿ ಎಣಿಸಿದ ಲಾಭಕ್ಕೂ, ಮುಂದೆ ತೆತ್ತ ಬೆಲೆಗೂ ಯಾವ ಪ್ರಮಾಣವೂ ಇಲ್ಲ.

1944ರಲ್ಲಿ ಮಾತ್ರ ಪಕ್ಷದ ಹಿರಿಯರು ಈ ಸಂಗತಿಯನ್ನು ಕಣ್ಣಮುಂದೆ ಇಟ್ಟುಕೊಂಡೇ ವ್ಯವಹರಿಸಿದರು. ರೂಸ್‌ವೆಲ್ಟನ ದೇಹಸ್ಥಿತಿ ಕುಸಿಯುತ್ತಿದ್ದುದನ್ನು ಅವರು ಬಲ್ಲವರಾಗಿದ್ದರು. 1940ರಲ್ಲಿ ರೂಸ್‌ವೆಲ್ಟನು ಹಟಹಿಡಿದು ತಂದಿದ್ದ ಹೆನ್ರಿ ವಾಲೆಸನನ್ನು ಬಿಡಿಸಿ ಮಿಸೂರಿಯ ಹ್ಯಾರಿ ಟ್ರೂಮನನನ್ನು ನಿಲ್ಲಿಸಿದರು. ನಾಯಕರು ಬಲ್ಲ ಸಂಗತಿಯನ್ನು ಮತದಾರರಿಗೆ ಯಾರೂ ಹೇಳಲಿಲ್ಲ. ರೂಸ್‌ವೆಲ್ಟನಿಗೆಂದು ಮತ ಕೊಟ್ಟವರು ಮುಂದಿನ ಅಧ್ಯಕ್ಷನನ್ನು ಅರಿಯದೆಯೇ ಆರಿಸಿದರು. ಟ್ರೂಮನನು ಉಪಾಧ್ಯಕ್ಷನಾಗಿದ್ದುದು 82 ದಿನ. 1945ರ ಏಪ್ರಿಲ್ 12ರಂದು ಪ್ರಮಾಣವಚನ ಸ್ವೀಕರಿಸುವವರೆಗೂ ಪರಮಾಣು ಬಾಂಬಿನ ಯೋಜನೆಯನ್ನು ಅವನಿಗೆ ಯಾರೂ ವಿವರಿಸಿರಲಿಲ್ಲ. ಮುಂದಿನ ಸುಮಾರು ನಾಲ್ಕು ವರ್ಷ ಉಪಾಧ್ಯಕ್ಷನ ಪೀಠ ಬರಿದಾಗಿಯೇ ಇದ್ದಿತು. ಅದನ್ನು ನಡುವೆ ತುಂಬುವ ವಿಧಿ 1967ರ ತಿದ್ದುಪಡಿಯವರೆಗೆ ರಾಜ್ಯಾಂಗದಲ್ಲಿ ಇರಲಿಲ್ಲ. 1948ರಲ್ಲಿ ಸಹಾಭ್ಯರ್ಥಿಯನ್ನು ಆರಿಸುವ ಸರದಿ ಟ್ರೂಮನನಿಗೇ ಬಂದಿತು. ಮೊದಲು ಕರೆದ ನ್ಯಾಯಾಧೀಶ ಡಗ್ಲಸನು ಒಲ್ಲೆನೆಂದನು. ಆಮೇಲೆ ಅವನೊಡನೆ ನಿಂತವನು ಮಿಸೂರಿಯ ನೆರೆಯ ಕೆಂಟಕಿಯ ಸೆನೆಟರ್ ಆಲ್ಬನ್ ಬಾರ್ಕ್ಲಿ. ಮಹಾಸಭೆಯನ್ನು ಒಂದು ಭಾಷಣದಿಂದ ಎಬ್ಬಿಸಿ ನಿಲ್ಲಿಸಿದವನು, ವಯಸ್ಸು 70.